ಕರಡು ತಿದ್ದುವವರ ಕನ್ನಡ

ಪುಸ್ತಕದಲ್ಲಿ ಅಚ್ಚಿನ ತಪ್ಪು ಕಂಡರೆ ನಾವು ಮೊದಲು ಬೈಯುವುದು ಪ್ರೂಫ್ ನೋಡಿದವರನ್ನು. ತಪ್ಪೇ ಇಲ್ಲದಿದ್ದರೆ ಹೊಗಳುವುದು ಲೇಖಕರನ್ನು. ಈ ಬೈಗುಳಕ್ಕೂ ಹೊಗಳಿಕೆಗೂ ನಡುವೆ ಬದುಕುವ ಒಂದು ವರ್ಗವಿದೆ. ಯಾವ ಪ್ರಕಾಶನದ ನೌಕರರೂ ಅಲ್ಲದ, ಮನೆಯಲ್ಲೇ ಕುಳಿತು ಪುಟದ ಲೆಕ್ಕದಲ್ಲಿ ಕರಡು ತಿದ್ದಿಕೊಡುವ ಹವ್ಯಾಸಿ ಸಂಪಾದಕರು ಅವರು. ಹವ್ಯಾಸಿ ಎಂಬುದು ಹೆಸರಿಗಷ್ಟೆ. ಹಲವರಿಗೆ ಅದೇ ಅನ್ನ.

ಇವರ ಕೆಲಸದ ಬೆಲೆ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಆಗ ನಾನು ಕೆಲಸಕ್ಕೆ ಹೊಸಬ. ವಿಶೇಷಾಂಕವೊಂದಕ್ಕೆ ಉತ್ತರ ಕರ್ನಾಟಕದ ಹಳ್ಳಿಯ ನೆನಪುಗಳ ಬರಹವೊಂದು ಬಂದಿತ್ತು. ಅದರಲ್ಲಿ ‘ಹಗೆಗೆ ಇಳಿದು ಅಣ್ಣ ತಮ್ಮ ಇಬ್ಬರೂ ಸತ್ತರು’ ಎಂಬ ವಾಕ್ಯವಿತ್ತು. ಏನೋ ಕೊರತೆಯಿದೆ ಎನ್ನಿಸಿ ‘ಹಗೆತನಕ್ಕೆ ಇಳಿದು’ ಎಂದು ತಿದ್ದಿದೆ. ಪುಟ ನೋಡಲು ಹೊರಗಿನಿಂದ ಕರೆಸಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ, ಮುಂದಿನ ಸಾಲಿನಲ್ಲೇ ಜೋಳದ ಮಾತು ಏಕೆ ಬಂತು ಎಂಬ ಅನುಮಾನ ಬಂತು. ಮೂಲ ಪ್ರತಿ ತರಿಸಿ ನೋಡಿದರು.

ಹಗೆ ಎಂದರೆ ದ್ವೇಷ ಮಾತ್ರವಲ್ಲ, ಜೋಳ ತುಂಬಿಡುವ ನೆಲದೊಳಗಿನ ಕಣಜವೂ ಹೌದು. ಹಲವೆಡೆ ಅದನ್ನು ಹಗೇವು ಎನ್ನುತ್ತಾರೆ. ಬಹಳ ದಿನ ಮುಚ್ಚಿಟ್ಟ ಹಗೆಯೊಳಗೆ ಉಸಿರಾಡಲು ಯೋಗ್ಯ ಗಾಳಿ ಇರುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಡದೆ ಇಳಿದರೆ ಜೀವಕ್ಕೇ ಅಪಾಯ. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬನೂ ಸತ್ತಿದ್ದ. ಅಂಥ ಅಣ್ಣ ತಮ್ಮಂದಿರನ್ನು ನಾನು ಹೊಡೆದಾಡಿ ಸತ್ತವರನ್ನಾಗಿ ಮಾಡಿದ್ದೆ. ಅವರ ಮನೆಯವರು ಅದನ್ನು ಓದಿದ್ದರೆ?

ಪುಟಕ್ಕಿಷ್ಟು

ಪ್ರೂಫ್ ನೋಡುವುದೆಂದರೆ ಕೇವಲ ಕಾಗುಣಿತ ತಿದ್ದುವುದಲ್ಲ. ಮೊದಲ ಕರಡನ್ನು ಹಸ್ತಪ್ರತಿಯೊಂದಿಗೆ ಸಾಲು ಸಾಲಾಗಿ ಹೋಲಿಸಬೇಕು. ಎರಡನೆಯದರಲ್ಲಿ, ಹೇಳಿದ ತಿದ್ದುಪಡಿಗಳೆಲ್ಲ ಆಗಿವೆಯೇ, ತಿದ್ದುವಾಗ ಹೊಸ ತಪ್ಪು ನುಸುಳಿದೆಯೇ ಎಂದು ನೋಡಬೇಕು. ಕೊನೆಯ ಸುತ್ತಿನಲ್ಲಿ ಪುಟಸಂಖ್ಯೆ, ಶೀರ್ಷಿಕೆ, ಪರಿವಿಡಿಗಳ ತಾಳೆ. ಮೂರನೇ ಅಧ್ಯಾಯದಲ್ಲಿ ಸತ್ತ ಪಾತ್ರ ಏಳನೆಯದರಲ್ಲಿ ಕಾಫಿ ಕುಡಿಯುತ್ತಿದ್ದರೆ ಅದನ್ನೂ ಇವರೇ ಹಿಡಿಯಬೇಕು.

ಕೆಲಸ ಬರುವುದು ಸುಗ್ಗಿಯಂತೆ. ರಾಜ್ಯೋತ್ಸವ, ಸಾಹಿತ್ಯ ಸಮ್ಮೇಳನಗಳು ಹತ್ತಿರವಾದರೆ ನಿದ್ದೆಗೆ ರಜೆ. ಉಳಿದ ತಿಂಗಳುಗಳಲ್ಲಿ ಫೋನಿಗಾಗಿ ಕಾಯುವುದು. ಹಣ ಕೆಲವೊಮ್ಮೆ ಪುಸ್ತಕ ಮಾರಾಟವಾದ ಮೇಲೆ ಬರುತ್ತದೆ. ಲೇಖಕರ ಅರಿಕೆಯಲ್ಲಿ ಒಂದು ಸಾಲಿನ ನೆನಕೆ ಸಿಕ್ಕರೆ ಅದೇ ದೊಡ್ಡದು.

ನಿಯಮ ಮತ್ತು ಬಳಕೆ

ಹಾಗಿದ್ದರೂ ಇವರು ಈ ಕೆಲಸಕ್ಕೆ ಅಂಟಿಕೊಂಡಿರಲು ಮುಖ್ಯ ಕಾರಣ ಭಾಷೆಯ ಹುಚ್ಚು. ‘ಜಾತ್ಯಾತೀತ’ವನ್ನು ‘ಜಾತ್ಯತೀತ’ ಎಂದೂ ‘ಕೋಟ್ಯಾಧಿಪತಿ’ಯನ್ನು ‘ಕೋಟ್ಯಧಿಪತಿ’ ಎಂದೂ ತಿದ್ದಲು ಸಂಧಿ ಗೊತ್ತಿದ್ದರೆ ಸಾಕು. ಆದರೆ ‘ತತ್ತ್ವ’ವೋ ‘ತತ್ವ’ವೋ? ವ್ಯಾಕರಣ ಮೊದಲನೆಯದರ ಪರ. ಬಳಕೆ ಎರಡನೆಯದರ ಪರ. ಇಂಥ ಪ್ರಶ್ನೆಗಳು ಸಾಮಾನ್ಯ ಓದುಗರನ್ನೂ ಕಾಡುತ್ತವೆ ಎಂಬುದಕ್ಕೆ ಪ್ರೊ. ಜಿ. ವೆಂಕಟಸುಬ್ಬಯ್ಯ ಅವರು ‘ಪ್ರಜಾವಾಣಿ’ಯಲ್ಲಿ 1991ರಲ್ಲಿ ಆರಂಭಿಸಿದ ‘ಇಗೋ ಕನ್ನಡ’ ಅಂಕಣದ ಜನಪ್ರಿಯತೆಯೇ ಸಾಕ್ಷಿ. 2021ರಲ್ಲಿ, 107ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ದುಡಿದ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇಂದಿಗೂ ಕರಡು ತಿದ್ದುವವರ ಕೊನೆಯ ನ್ಯಾಯಾಲಯ.

ನಿಘಂಟಿನ ಆಚೆಗೂ ಕನ್ನಡವಿದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಆಡುಮಾತನ್ನು ಯಾರಾದರೂ ಶಿಷ್ಟ ಕನ್ನಡಕ್ಕೆ ‘ತಿದ್ದಿ’ದ್ದರೆ ಕೃತಿಯೇ ಉಳಿಯುತ್ತಿರಲಿಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು ಕನ್ನಡ ಬರಹಕ್ಕೆ ಮಹಾಪ್ರಾಣ ಬೇಡ ಎಂದು ವಾದಿಸಿ ತಮ್ಮ ಹೆಸರನ್ನೂ ಹಾಗೆಯೇ ಬರೆದರು. ಅಲ್ಲಿ ‘ಭ’ ಸೇರಿಸುವುದು ತಿದ್ದುಪಡಿಯಲ್ಲ, ಅವರ ವಾದವನ್ನೇ ಅಳಿಸುವುದು.

ಯಂತ್ರ ನೋಡದ ತಪ್ಪು

ಇಷ್ಟಕ್ಕೆಲ್ಲ ಈಗ ಕಂಪ್ಯೂಟರ್ ಇದೆಯಲ್ಲ ಎನ್ನಬಹುದು. ಅದು ನೆರವಾಗುವುದು ನಿಜ. ಆದರೆ ಕನ್ನಡದಲ್ಲಿ ಒಂದು ಕ್ರಿಯಾಪದಕ್ಕೆ ಪ್ರತ್ಯಯಗಳು ಸಾಲಾಗಿ ಅಂಟಿಕೊಳ್ಳುತ್ತವೆ. ‘ಹೋಗಬೇಕಾಗಿತ್ತೆಂಬುದನ್ನೂ’ ಎಂಬುದು ಒಂದೇ ಪದ. ಇಂಥ ರೂಪಗಳನ್ನೆಲ್ಲ ಪಟ್ಟಿ ಮಾಡಿಡುವುದು ಸುಲಭವಲ್ಲ. ಹಳೆಯ ಫಾಂಟ್‌ಗಳ ಬರಹವನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಕೆಡುವುದುಂಟು. ‘ರ‍್ಯಾಲಿ’ ಎಂಬುದು ‘ರ್ಯಾಲಿ’ ಆಗಿಬಿಡುತ್ತದೆ. ಇವನ್ನು ಇಂದಲ್ಲ ನಾಳೆ ಸರಿಪಡಿಸಬಹುದು. ಆದರೆ ಕಾಗುಣಿತದ ಲೆಕ್ಕದಲ್ಲಿ ‘ಹಗೆ’ಯೂ ಸರಿ, ‘ಹಗೆತನ’ವೂ ಸರಿ. ಯಾವುದು ನಿಜ ಎಂದು ತಿಳಿಯಲು, ಜೋಳದ ಮಾತು ಏಕೆ ಬಂತು ಎಂದು ಯಾರಾದರೂ ಕೇಳಲೇಬೇಕು.

ತಿದ್ದುವುದಕ್ಕಿಂತ ಕೇಳುವುದೇ ಈ ವೃತ್ತಿಯ ತಿರುಳು ಎಂದು ನಾನು ಕಲಿತದ್ದು ಅಂದೇ. ಮೇಷ್ಟ್ರು ನನ್ನನ್ನು ಗದರಲಿಲ್ಲ. ನನ್ನ ತಿದ್ದುಪಡಿಯ ಪಕ್ಕ, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ನನ್ನ ಮೇಜಿಗೆ ಕಳುಹಿಸಿದ್ದರು. ಇಡೀ ಪುಟದಲ್ಲಿ ಅವರು ಮಾಡಿದ್ದ ಗುರುತು ಅದೊಂದೇ. ಆ ಪುಟಕ್ಕೂ ಅವರಿಗೆ ಸಿಕ್ಕಿದ್ದು ಉಳಿದ ಪುಟಗಳಷ್ಟೇ ಹಣ.