ಅಳಿಸಿದ್ದನ್ನೂ ನಕಲು ಮಾಡುವ ಯಂತ್ರ

ಅಮ್ಮನ ಅಡುಗೆ ನೋಟ್‌ಬುಕ್ಕಿನ ಹಾಳೆಗಳು ಅಂಚಿನಲ್ಲಿ ಉದುರತೊಡಗಿದಾಗ ತಂಗಿ ಕೂತು ಅದರ ಒಂದೊಂದು ಪುಟಕ್ಕೂ ಫೋಟೋ ತೆಗೆದಳು. ಎಣ್ಣೆಯ ಕಲೆ, ಅರಿಸಿನದ ಬೆರಳಗುರುತು, ಪಾವು ಚಟಾಕಿನ ಅಳತೆ ಎಲ್ಲವೂ ಸ್ಪಷ್ಟವಾಗಿ ಬಂದಿದ್ದವು. ಅವಳ ಫೋನಿನಿಂದ ಅವು ತಾವಾಗಿಯೇ ಕ್ಲೌಡ್‌ಗೆ ಏರಿ, ಅಲ್ಲಿಂದ ನನ್ನ ಲ್ಯಾಪ್‌ಟಾಪಿಗೂ ಇಳಿದವು. ಮೂರು ಕಡೆ ಇದೆಯಲ್ಲ ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು. ವರ್ಷದ ಮೇಲೆ ಒಂದು ದಿನ ಅವಳ ಫೋನು ಬಂತು. "ಅಕ್ಕಾ, ಮೊಬೈಲ್ ತುಂಬಿಹೋಗಿತ್ತು ಅಂತ ಹಳೇ ಫೋಟೋ ಎಲ್ಲ ಡಿಲೀಟ್ ಮಾಡಿದ್ದೆ. ಅಮ್ಮನ ಪುಸ್ತಕದ್ದು ನಿನ್ ಹತ್ರ ಇದೆ ತಾನೆ?" ಲ್ಯಾಪ್‌ಟಾಪ್ ತೆರೆದು ನೋಡಿದರೆ ಫೋಲ್ಡರ್ ಖಾಲಿ.

ಅವಳು ಅಳಿಸಿ ಹದಿನೆಂಟು ದಿನವಾಗಿತ್ತು. ಕ್ಲೌಡ್ ಖಾತೆಯ ಕಸದ ಬುಟ್ಟಿಯಲ್ಲಿ ಅಷ್ಟೂ ಪುಟಗಳು ಇನ್ನೂ ಉಳಿದಿದ್ದವು, ವಾಪಸು ಸಿಕ್ಕವು. ಆದರೆ ಆ ಹತ್ತು ನಿಮಿಷ ನನ್ನ ಎದೆ ಹೊಡೆದುಕೊಂಡದ್ದು ಮರೆಯುವಂಥದ್ದಲ್ಲ. ತಂತ್ರಾಂಶ ಎಲ್ಲೂ ಕೆಟ್ಟಿರಲಿಲ್ಲ, ಯಾರೂ ಕದ್ದಿರಲಿಲ್ಲ. ಸಿಂಕ್ ಎಂಬ ಯಂತ್ರ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಆ ಕೆಲಸ ಯಾವುದೆಂದು ನಾವೇ ತಪ್ಪಾಗಿ ತಿಳಿದಿದ್ದೆವು.

ಸಿಂಕ್‌ನ ಕೆಲಸ ಕಾಪಾಡುವುದಲ್ಲ. ಹಲವು ಸಾಧನಗಳಲ್ಲಿರುವ ಪ್ರತಿಗಳು ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುವುದು. ಒಂದು ಕಡೆ ಹೊಸ ಪುಟ ಸೇರಿದರೆ ಎಲ್ಲ ಕಡೆ ಸೇರಬೇಕು, ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯಬೇಕು. ಈ ತಾಳೆ ಹಾಕುವ ವಿದ್ಯೆ ಹೊರಗಿನಿಂದ ಕಾಣುವಷ್ಟು ಸುಲಭದ್ದಲ್ಲ. ಅದರ ಹಿಂದೆ ಸುಮಾರು ಐವತ್ತು ವರ್ಷದ ಒಳ್ಳೆಯ ಚಿಂತನೆಯಿದೆ.

ಕಂಪ್ಯೂಟರಿನ ಮೂಲೆಯಲ್ಲಿ ಕೂತ ಸಿಂಕ್ ತಂತ್ರಾಂಶ ಇಡೀ ಡಿಸ್ಕನ್ನು ಸದಾ ಜಾಲಾಡುತ್ತಿರುವುದಿಲ್ಲ. ಯಾವ ಫೋಲ್ಡರಿನ ಮೇಲೆ ಕಣ್ಣಿಡಬೇಕೆಂದು ಕಾರ್ಯಾಚರಣೆ ವ್ಯವಸ್ಥೆಗೆ ಹೇಳಿಟ್ಟಿರುತ್ತದೆ. ಅಲ್ಲಿ ಏನಾದರೂ ಅಲುಗಿದರೆ ಲಿನಕ್ಸ್, ಮ್ಯಾಕ್, ವಿಂಡೋಸ್ ತಮ್ಮ ತಮ್ಮ ರೀತಿಯಲ್ಲಿ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಬಂದೊಡನೆ ಬದಲಾದ ಫೈಲನ್ನು ತುಂಡು ಮಾಡಲಾಗುತ್ತದೆ. ಡ್ರಾಪ್‌ಬಾಕ್ಸ್‌ನಲ್ಲಿ ಒಂದು ತುಂಡು 4 ಎಂಬಿ. ಪ್ರತಿ ತುಂಡಿಗೂ ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರದಿಂದ 64 ಅಕ್ಷರಗಳ ಒಂದು ಹೆಬ್ಬೆಟ್ಟಿನ ಗುರುತು ತೆಗೆಯುತ್ತಾರೆ. ತುಂಡಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ಈ ಗುರುತು ನಿನ್ನಲ್ಲಿದೆಯೇ ಎಂದು ಸರ್ವರನ್ನು ಕೇಳಿ, ಇಲ್ಲದ ತುಂಡುಗಳನ್ನು ಮಾತ್ರ ಕಳಿಸಿದರಾಯಿತು. ನೂರು ತುಂಡಿನ ಫೈಲಿನಲ್ಲಿ ಒಂದೇ ತುಂಡು ಬದಲಾಗಿದ್ದರೆ ಸಾಗುವುದೂ ಒಂದೇ.

ಇಲ್ಲೊಂದು ತೊಡಕಿದೆ. ಅಮ್ಮನ ಪುಸ್ತಕವನ್ನು ನಾನು ಟೈಪ್ ಮಾಡಿಟ್ಟ ಫೈಲಿನ ಮೊದಲ ಸಾಲಿಗೆ ಒಂದು ಅಕ್ಷರ ಸೇರಿಸಿದರೆ ಅದರ ನಂತರದ್ದೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಅಳೆದು ಕತ್ತರಿಸಿದ ತುಂಡುಗಳ ಗಡಿಯೂ ಸರಿದು, ಒಂದು ಗುರುತೂ ಹಳೆಯದಕ್ಕೆ ಹೊಂದುವುದಿಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಬಿಡುಗಡೆ ಮಾಡಿದ ಆರ್‌ಸಿಂಕ್ ಇದಕ್ಕೆ ಉತ್ತರ ಕೊಟ್ಟಿತು. ಅದು ಗಡಿ ಕಟ್ಟಿಕೊಂಡು ಕೂರದೆ, ಒಂದೊಂದೇ ಬೈಟ್ ಸರಿಯುತ್ತಾ, ಹಳೆಯ ತುಂಡು ಎಲ್ಲಾದರೂ ಅಡಗಿದೆಯೇ ಎಂದು ಹುಡುಕುತ್ತದೆ. ಪ್ರತಿ ಹೆಜ್ಜೆಗೂ ಲೆಕ್ಕವನ್ನು ಮೊದಲಿನಿಂದ ಮಾಡಿದರೆ ದಿನಗಟ್ಟಲೆ ಬೇಕಾದೀತು. ಮನೆಯ ಹಾಲಿನ ಲೆಕ್ಕ ನೆನೆಸಿಕೊಳ್ಳಿ. ಕಳೆದ ಮೂವತ್ತು ದಿನದ ಒಟ್ಟು ಹಾಲು ಎಷ್ಟೆಂದು ದಿನವೂ ತಿಳಿಯಬೇಕಾದರೆ ಮೂವತ್ತು ಅಂಕಿಗಳನ್ನೂ ದಿನವೂ ಕೂಡಬೇಕಿಲ್ಲ. ನಿನ್ನೆಯ ಮೊತ್ತಕ್ಕೆ ಇವತ್ತಿನದನ್ನು ಸೇರಿಸಿ, ಮೂವತ್ತೊಂದನೆಯ ಹಳೇ ದಿನದ್ದನ್ನು ಕಳೆದರೆ ಸಾಕು. ಆರ್‌ಸಿಂಕ್ ಮಾಡುವುದೂ ಇದನ್ನೇ. ಹೀಗೆ ಸಿಕ್ಕ ಹೊಂದಿಕೆಯನ್ನು ಬಳಿಕ ಬಲವಾದ ಗುರುತಿನಿಂದ ಖಚಿತಪಡಿಸಿಕೊಳ್ಳುತ್ತದೆ. ಕಂಪ್ಯೂಟರ್ ವಿಜ್ಞಾನದಲ್ಲಿ ನನಗೆ ತೀರಾ ಇಷ್ಟವಾದ ಉಪಾಯಗಳಲ್ಲಿ ಇದೊಂದು.

ಇದಕ್ಕಿಂತ ಕಷ್ಟದ್ದು ಎರಡು ಪ್ರತಿಗಳಲ್ಲಿ ಯಾವುದು ಹೊಸದು ಎಂಬ ಪ್ರಶ್ನೆ. ಗಡಿಯಾರ ನೋಡಿದರಾಯಿತು ಎನ್ನಬಹುದು. ಆದರೆ ನನ್ನ ಲ್ಯಾಪ್‌ಟಾಪಿನ ಗಡಿಯಾರ ಐದು ನಿಮಿಷ ಮುಂದಿದ್ದು ತಂಗಿಯ ಫೋನಿನದು ಸರಿಯಿದ್ದರೆ, ನಾನು ಮೊದಲು ಬರೆದದ್ದು ಅವಳು ಆಮೇಲೆ ತಿದ್ದಿದ್ದನ್ನು ನುಂಗಿಹಾಕುತ್ತದೆ. ಬೇರೆ ಬೇರೆ ಯಂತ್ರಗಳ ಗಡಿಯಾರ ನಂಬದೆಯೇ ಯಾವುದು ಮೊದಲು, ಯಾವುದು ನಂತರ ಎಂದು ಹೇಳುವ ದಾರಿಯನ್ನು ಲೆಸ್ಲಿ ಲ್ಯಾಂಪೋರ್ಟ್ 1978ರ ಪ್ರಬಂಧವೊಂದರಲ್ಲಿ ತೋರಿಸಿದರು. ಆ ದಾರಿಯಲ್ಲೇ ಮುಂದುವರಿದು, 1983ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರತಿ ಫೈಲಿನ ಜೊತೆಗೂ ಒಂದು ಪುಟ್ಟ ಎಣಿಕೆ ಪಟ್ಟಿ ಇಡುವ ಕ್ರಮವನ್ನು ಪ್ರಕಟಿಸಿದರು. ಯಾವ ಸಾಧನ ಎಷ್ಟು ಸಲ ತಿದ್ದಿದೆ ಎಂಬುದಷ್ಟೇ ಅದರಲ್ಲಿರುತ್ತದೆ. ನನ್ನ ಪ್ರತಿಯಲ್ಲಿ "ಲ್ಯಾಪ್‌ಟಾಪ್ 3, ಫೋನ್ 2" ಎಂದಿದ್ದು, ತಂಗಿಯದರಲ್ಲಿ "ಲ್ಯಾಪ್‌ಟಾಪ್ 3, ಫೋನ್ 3" ಎಂದಿದ್ದರೆ ನನಗೆ ಗೊತ್ತಿರುವುದೆಲ್ಲ ಅವಳಿಗೆ ಗೊತ್ತು, ಮೇಲೊಂದು ಹೆಚ್ಚೂ ಗೊತ್ತು. ಅವಳದೇ ಹೊಸದು. ಆದರೆ ನನ್ನದು "4, 2" ಆಗಿ ಅವಳದು "3, 3" ಆಗಿದ್ದರೆ? ನನಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ, ಅವಳಿಗೆ ಗೊತ್ತಿರುವುದು ನನಗಿಲ್ಲ. ಇದು ಘರ್ಷಣೆ.

ರೈಲಿನಲ್ಲಿ ಸಿಗ್ನಲ್ ಸಿಗದ ಹೊತ್ತಿನಲ್ಲಿ ತಂಗಿ ಕೋಡುಬಳೆಯ ಅಳತೆ ತಿದ್ದಿದಳು. ಅದೇ ಹೊತ್ತಿಗೆ ನಾನೂ ಮನೆಯಲ್ಲಿ ಆ ಸಾಲನ್ನೇ ತಿದ್ದುತ್ತಿದ್ದೆ. ಯಾವುದು ಸರಿ ಎಂದು ಯಂತ್ರಕ್ಕೆ ಗೊತ್ತಾಗುವ ಬಗೆಯಿಲ್ಲ. ಆಗ ಒಳ್ಳೆಯ ತಂತ್ರಾಂಶ ಒಂದನ್ನೂ ಎಸೆಯದೆ, ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದರ ಹೆಸರಿಗೆ ಸಾಧನದ ಹೆಸರನ್ನೋ ದಿನಾಂಕವನ್ನೋ ಅಂಟಿಸುತ್ತದೆ. ನಿಮ್ಮ ಫೋಲ್ಡರಿನಲ್ಲಿ ಅಂಥ ವಿಚಿತ್ರ ಹೆಸರಿನ ಜೋಡಿ ಕಂಡರೆ ಕಸವೆಂದು ಅಳಿಸಬೇಡಿ. ಎರಡನ್ನೂ ತೆರೆದು ಓದಿ. ಅಲ್ಲಿ ತೀರ್ಪು ಕೊಡಬೇಕಾದವರು ನೀವೇ.

ಸಂಪರ್ಕ ಕಡಿದಾಗಲೂ ಕೆಲಸ ಮಾಡಲು ಬಿಡಬೇಕು ಎಂಬುದೇ ಒಂದು ಕಾಲಕ್ಕೆ ದಿಟ್ಟ ನಿರ್ಧಾರವಾಗಿತ್ತು. ಐಐಟಿ ಮದ್ರಾಸಿನಲ್ಲಿ ಓದಿ ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋದ ಮಹಾದೇವ ಸತ್ಯನಾರಾಯಣನ್ ಅವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1987ರಿಂದ ಕೋಡಾ ಎಂಬ ಕಡತ ವ್ಯವಸ್ಥೆಯನ್ನು ಕಟ್ಟಿದರು. ಬೇಕಾಗುವ ಫೈಲುಗಳನ್ನು ಮೊದಲೇ ಕೂಡಿಟ್ಟುಕೊಳ್ಳುವುದು, ಸಂಪರ್ಕವಿಲ್ಲದಾಗ ಇರುವುದರಲ್ಲೇ ಕೆಲಸ ಮಾಡುವುದು, ಸಂಪರ್ಕ ಬಂದಾಗ ಮಾಡಿದ್ದನ್ನೆಲ್ಲ ಒಪ್ಪಿಸುವುದು ಅದರ ಕ್ರಮ. ಘರ್ಷಣೆ ಹೆಚ್ಚಾದೀತೆಂಬ ಅಂಜಿಕೆಗೆ ಅವರ ತಂಡ ಅಳತೆಯಿಂದಲೇ ಉತ್ತರಿಸಿತು. ತಿದ್ದುಪಡಿಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು, ಆ ಫೈಲನ್ನು ಹಿಂದೆ ತಿದ್ದಿದವರೇ ಮಾಡಿದಂಥವು. ಇಂದು ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ ಅನುಕೂಲದ ಬೇರು ಆ ಪ್ರಯೋಗಾಲಯದಲ್ಲಿದೆ.

ಈಗ ತಂಗಿ ಅಳಿಸಿದ ಫೋಟೋಗಳಿಗೆ ಬರೋಣ. ಫೋನಿನಲ್ಲಿ ಒಂದು ಫೋಟೋ ಇಲ್ಲ, ಲ್ಯಾಪ್‌ಟಾಪಿನಲ್ಲಿ ಇದೆ. ಅದು ಲ್ಯಾಪ್‌ಟಾಪಿಗೆ ಹೊಸದಾಗಿ ಬಂದದ್ದೇ, ಇಲ್ಲ ಫೋನಿನಿಂದ ತೆಗೆದುಹಾಕಿದ್ದೇ? ಬರಿಯ ಎರಡು ಪಟ್ಟಿ ನೋಡಿದರೆ ಹೇಳಲು ಬರುವುದಿಲ್ಲ. ಅದಕ್ಕೇ ಅಳಿಸುವುದನ್ನೂ ಒಂದು ತಿದ್ದುಪಡಿಯೆಂದೇ ಬರೆದಿಡಬೇಕಾಗುತ್ತದೆ: ಈ ಹೆಸರಿನದು ಇತ್ತು, ಈಗಿಲ್ಲ. ಪರಿಣತರು ಈ ದಾಖಲೆಯನ್ನು ಸಮಾಧಿಕಲ್ಲು ಎಂದೇ ಕರೆಯುತ್ತಾರೆ. ಸರ್ವರಿನಲ್ಲಿ ಕಲ್ಲು ನೆಟ್ಟ ಕೂಡಲೇ ಉಳಿದ ಸಾಧನಗಳು ಅದನ್ನು ಓದಿ ತಮ್ಮಲ್ಲಿರುವ ಪ್ರತಿಯನ್ನೂ ತೆಗೆದುಬಿಡುತ್ತವೆ. ಇದಿಲ್ಲದಿದ್ದರೆ ನೀವು ಅಳಿಸಿದ ಪ್ರತಿ ಫೈಲೂ ಮರುದಿನ ಬೇರೊಂದು ಸಾಧನದಿಂದ ಎದ್ದು ಬರುತ್ತಿತ್ತು. ಆದ್ದರಿಂದ ಅಳಿಸುವಿಕೆ ಹರಡುವುದು ಈ ಯಂತ್ರದ ದೋಷವಲ್ಲ, ಅದರ ಪ್ರಾಣ. ಮಾಲೀಕರು ಬೇಕೆಂದು ಅಳಿಸಿದರೋ, ಮಗು ಆಟವಾಡುತ್ತ ಒತ್ತಿತೋ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ ಎಲ್ಲವನ್ನೂ ಕೆಡಿಸಿತೋ ಎಂದು ಅದು ವಿಚಾರಿಸುವುದಿಲ್ಲ. ಕೆಟ್ಟ ಪ್ರತಿಯನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆ ಹಂಚುತ್ತದೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ತಿಳಿಯಬೇಕಾದ ಸಂಗತಿಯೊಂದಿದೆ. "ಕೋಡುಬಳೆ" ಎಂಬ ಹೆಸರಿನ "ಕೋ" ಯುನಿಕೋಡ್‌ನಲ್ಲಿ ಎರಡು ಬಗೆಯಾಗಿ ದಾಖಲಾಗಬಹುದು. ಒಂದರಲ್ಲಿ "ಕ"ದ ಮುಂದೆ ಓತ್ವಕ್ಕೆ ಒಂದೇ ಸಂಕೇತ. ಇನ್ನೊಂದರಲ್ಲಿ ಎತ್ವ, ಊತ್ವದ ಕೊಂಬು, ದೀರ್ಘ ಎಂದು ಬಿಡಿಸಿದ ಮೂರು ಸಂಕೇತ. ತೆರೆಯ ಮೇಲೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಮೊದಲನೆಯ "ಕೋಡುಬಳೆ" 21 ಬೈಟ್, ಬಿಡಿಸಿ ಬರೆದದ್ದು 27 ಬೈಟ್. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಎಲ್ಲ ಹೆಸರನ್ನೂ ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಬಂದ ಹೊಸದು ಕೊಟ್ಟ ರೂಪದಲ್ಲೇ ಇಟ್ಟುಕೊಂಡು ಎರಡನ್ನೂ ಒಂದೆಂದು ಗುರುತಿಸುತ್ತದೆ. ಲಿನಕ್ಸ್‌ಗೆ ಮಾತ್ರ ಸಾಮಾನ್ಯವಾಗಿ ಅವು ಎರಡು ಬೇರೆ ಹೆಸರು. ಆದ್ದರಿಂದ ಸಿಂಕ್ ತಂತ್ರಾಂಶ ಹೆಸರುಗಳನ್ನು ಮೊದಲು ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಒಂದೇ ಫೋಲ್ಡರಿನಲ್ಲಿ ಎರಡು ಕೋಡುಬಳೆ ಕೂತಿರುತ್ತವೆ. ಉದ್ದದ್ದೂ ಒಂದು ಮಾತು. ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನಲ್ಲಿ ಅದು 255 ಅಕ್ಷರ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ನಮಗೆ ದಕ್ಕುವುದು 85 ಸಂಕೇತ, ಅದರಲ್ಲೂ "ಕ್ಷ" ಒಂದೇ ಮೂರನ್ನು ತಿನ್ನುತ್ತದೆ. ಹಾಗೆಂದು ಕನ್ನಡದ ಹೆಸರು ಬಿಡಬೇಕಿಲ್ಲ. ನಾನು ಬಿಟ್ಟಿಲ್ಲ. ಚಿಕ್ಕದಾಗಿಡಿ, ಅಷ್ಟೇ.

ಫೋನಿನ ಸ್ವಭಾವವೇ ಬೇರೆ. ಕಂಪ್ಯೂಟರಿನ ಹಾಗೆ ಅದು ಎಲ್ಲ ಫೈಲನ್ನೂ ಇಳಿಸಿಕೊಳ್ಳುವುದಿಲ್ಲ. ಬ್ಯಾಟರಿ ಉಳಿಸಲೆಂದು ಆ್ಯಪ್‌ಗಳನ್ನು ನಿದ್ದೆಗೂ ಕಳಿಸುತ್ತದೆ. ಪಟ್ಟಿಯಲ್ಲಿ ಹೆಸರು ಕಂಡಿತೆಂದರೆ ಫೈಲು ಫೋನಿನಲ್ಲಿದೆ ಎಂದರ್ಥವಲ್ಲ. ಈಚೆಗೆ ಕಂಪ್ಯೂಟರಿನಲ್ಲೂ ಹೀಗೇ. ಒನ್‌ಡ್ರೈವ್‌ನಲ್ಲಿ ಹೆಸರಿನ ಪಕ್ಕ ಮೋಡದ ಚಿತ್ರವಿದ್ದರೆ ಅಲ್ಲಿರುವುದು ಬರಿಯ ಚೀಟಿ, ಸರಕು ದೂರದ ಸರ್ವರಿನಲ್ಲಿದೆ. ಆಸ್ಪತ್ರೆಗೋ ನೋಂದಣಿ ಕಚೇರಿಗೋ ಕಾಗದಪತ್ರ ತೋರಿಸಲು ಹೊರಟಾಗ ಅವನ್ನು ಆಫ್‌ಲೈನ್‌ನಲ್ಲೂ ಸಿಗುವಂತೆ ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಅಂಗಡಿಯ ಲೆಕ್ಕದ ತಂತ್ರಾಂಶದ ಡೇಟಾವನ್ನು ಸಿಂಕ್ ಫೋಲ್ಡರಿನಲ್ಲಿ ಇಡಲೇಬೇಡಿ. ದಿನವಿಡೀ ತೆರೆದಿದ್ದು ಕ್ಷಣಕ್ಷಣಕ್ಕೂ ಬದಲಾಗುವ ಅಂಥ ಫೈಲುಗಳನ್ನು ಅರ್ಧ ಬರೆದಿರುವಾಗಲೇ ಎತ್ತಿಕೊಂಡು ಹೋಗಿ ಕೆಡಿಸುವ ಅಪಾಯವಿದೆ.

ಹಾಗಾದರೆ ಕಾಪಾಡುವುದು ಯಾವುದು? ಸಿಂಕ್‌ನ ಕೈಗೆಟುಕದ ಪ್ರತಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಲೆಕ್ಕ ಸರಳವಾಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ಒಂದೇ ಖಾತೆಗೆ ಕಟ್ಟಿಹಾಕಿದ ಮೂರು ಸಾಧನಗಳನ್ನು ಮೂರು ಪ್ರತಿ ಎಂದು ಎಣಿಸಿಕೊಳ್ಳುವುದು ನಾವಿಬ್ಬರೂ ಮಾಡಿದ ತಪ್ಪು. ಅಳಿಸುವ ವಿಷಯಕ್ಕೆ ಬಂದರೆ ಅದು ಒಂದೇ ಪ್ರತಿ. ಈಗ ತಿಂಗಳ ಮೊದಲ ಭಾನುವಾರ ನಾನೊಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ಚುಚ್ಚಿ, ಸಿಂಕ್ ಫೋಲ್ಡರನ್ನು ದಿನಾಂಕದ ಹೆಸರಿನ ಹೊಸ ಫೋಲ್ಡರಿಗೆ ನಕಲು ಮಾಡಿ, ನಾಲ್ಕೈದು ಫೈಲು ತೆರೆದು ಪರೀಕ್ಷಿಸಿ, ಡಿಸ್ಕನ್ನು ಕಿತ್ತಿಡುತ್ತೇನೆ. ಕಿತ್ತಿಡುವುದು ಮುಖ್ಯ. ಮೋಡದ ಚಿತ್ರವಿರುವ ಫೈಲುಗಳನ್ನು ಮೊದಲು ಪೂರಾ ಇಳಿಸಿಕೊಂಡಿರಬೇಕು. ಅಮ್ಮನ ಪುಸ್ತಕದ್ದು ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ತಂಗಿಯ ಬೀರುವಿನಲ್ಲಿದೆ.

ಮೊಬೈಲು ತುಂಬಿತೆಂದು ಏನನ್ನಾದರೂ ಅಳಿಸುವ ಮೊದಲು, ಅದು ಫೋನಿನಿಂದ ಮಾತ್ರ ಹೋಗುತ್ತದೆಯೋ ಎಲ್ಲ ಕಡೆಯಿಂದಲೋ ಎಂದು ತೆರೆಯ ಮೇಲಿನ ಸೂಚನೆಯನ್ನು ಓದಿ. ಹಲವು ಆ್ಯಪ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿಗಳಿರುತ್ತವೆ. ಈಚೆಗೆ ಏನೋ ಕಾಣೆಯಾಗಿದೆ ಎಂಬ ಅನುಮಾನವಿದ್ದರೆ ಇವತ್ತೇ ಕ್ಲೌಡ್ ಖಾತೆಯ ಕಸದ ಬುಟ್ಟಿ ತೆರೆದು ನೋಡಿ. ಗೂಗಲ್ ಡ್ರೈವ್‌ನಲ್ಲೂ ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲೂ ಅಳಿಸಿದ ಫೈಲು ಅಲ್ಲಿ 30 ದಿನ ಇರುತ್ತದೆ.