ಬಾಯಿ ಹೇಳುವುದು, ಎಂಜಲು ಹೇಳುವುದು

ಪ್ರಶ್ನೆ: ಸಿಗರೇಟು ಸೇದಿಯೂ ‘ಇಲ್ಲ’ ಎಂದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗುತ್ತದೆ. ಸಾಮಾನ್ಯ ಸಮೀಕ್ಷೆಗಳಲ್ಲಿ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ. ಸುಳ್ಳು ನುಸುಳುವುದು ಬೈಸಿಕೊಳ್ಳುವ ಭಯವಿದ್ದಾಗ: ಗರ್ಭಿಣಿಯರಲ್ಲಿ, ಬಿಡುತ್ತೇನೆಂದು ವೈದ್ಯರಿಗೆ ಮಾತು ಕೊಟ್ಟವರಲ್ಲಿ. ಆ ಸುಳ್ಳನ್ನು ಪರೀಕ್ಷೆ ಹಿಡಿಯುವುದು ಹೀಗೆ: ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೇ ಅರ್ಧಕ್ಕಿಳಿಯುತ್ತದೆ. ಆದರೆ ಯಕೃತ್ತಿನಲ್ಲಿ ಅದರಿಂದಾಗುವ ಕೋಟಿನಿನ್ ಅರ್ಧವಾಗಲು 16ರಿಂದ 20 ಗಂಟೆ ಬೇಕು. ಹಾಗಾಗಿ ಎಂಜಲು, ಮೂತ್ರ, ರಕ್ತ ಮೂರರಲ್ಲೂ ಕೆಲವು ದಿನ ಸಿಕ್ಕಿಬೀಳುತ್ತದೆ. ಉಸಿರಿನ ಕಾರ್ಬನ್ ಮಾನಾಕ್ಸೈಡ್ ಪರೀಕ್ಷೆ ಸುಲಭ. ಆದರೆ ಒಂದು ದಿನ ಸೇದದಿದ್ದರೆ ಅದನ್ನು ಏಮಾರಿಸಬಹುದು!

ಕೋಟಿನಿನ್ ಪರೀಕ್ಷೆಗೂ ಒಂದು ಕುರುಡುತನವಿದೆ. ಹೊಗೆಸೊಪ್ಪು ಅಗಿದವರೂ ನಿಕೋಟಿನ್ ಗಮ್ ಜಗಿದವರೂ ಅದಕ್ಕೆ ಸೇದಿದವರಂತೆಯೇ ಕಾಣುತ್ತಾರೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಪರೀಕ್ಷೆಗೆ ಮುಂಚೆಯೇ ಹೇಳಿಬಿಡಿ.