ಇರುಳಿನ ಒಕ್ಕಲು

ನಡುರಾತ್ರಿ ಮಗುವಿಗೆ ನೀರು ಬೇಕೆಂದು ತಾಯಿ ಅಡುಗೆಮನೆಗೆ ಬಂದು ದೀಪ ಹಾಕುತ್ತಾಳೆ. ಕಟ್ಟೆಯ ಮೇಲೆ ಕಂದುಬಣ್ಣದ ಸಂತೆಯೊಂದು ನೆರೆದಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ. ಸಂಜೆಯಷ್ಟೇ ಒರಸಿಟ್ಟ ಕಟ್ಟೆ! ಬೆಳಗಾಗುತ್ತಲೇ ಅಂಗಡಿಯಿಂದ ಔಷಧದ ಡಬ್ಬಿ ಬರುತ್ತದೆ, ಮನೆತುಂಬ ಘಾಟು ಹರಡುತ್ತದೆ, ಹತ್ತಾರು ಜಿರಲೆಗಳು ಕಾಲು ಮೇಲಾಗಿ ಬೀಳುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ಸಂತೆ ಮತ್ತೆ ನೆರೆಯುತ್ತದೆ. ಪಾಪ, ಗೃಹಿಣಿಯು ತನ್ನ ಅಚ್ಚುಕಟ್ಟುತನವನ್ನೇ ಶಂಕಿಸತೊಡಗುತ್ತಾಳೆ.

ತಪ್ಪು ಅವಳದಲ್ಲ. ಶತ್ರುವಿನ ಪರಿಚಯವಿಲ್ಲದೆ ಯುದ್ಧಕ್ಕೆ ಹೊರಟದ್ದಷ್ಟೇ ತಪ್ಪು.

ಮನೆಗಳಲ್ಲಿ ಕಾಣುವ ಜಿರಲೆಗಳಲ್ಲಿ ಎರಡು ಬಗೆಗಳು ಮುಖ್ಯವಾದುವು. ಬಚ್ಚಲು, ಚರಂಡಿಗಳಿಂದ ಏರಿ ಬರುವ ದೊಡ್ಡದು ಒಂದೂವರೆ ಅಂಗುಲದಷ್ಟು ಉದ್ದ, ಕೆಂಗಂದು ಬಣ್ಣ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದು ಜೊಂಡಿಗ. ಇನ್ನೊಂದು ಅರ್ಧ ಅಂಗುಲದ ತಿಳಿಗಂದು ಜಿರಲೆ, ಹೆಗಲ ಮೇಲೆ ಎರಡು ಕಪ್ಪು ಗೀರು. ಅಡುಗೆಮನೆಯನ್ನು ಆಕ್ರಮಿಸುವುದು ಈ ಚಿಕ್ಕದೇ. ಲಿನೇಯಸನು 1767ರಲ್ಲಿ ಇದಕ್ಕೆ ಜರ್ಮನಿಯ ಹೆಸರಿಟ್ಟನು. ಆದರೆ 17 ದೇಶಗಳ ಜಿರಲೆಗಳ ವಂಶವಾಹಿಗಳನ್ನು ಪರೀಕ್ಷಿಸಿದ ಸಂಶೋಧಕರು 2024ರಲ್ಲಿ ಬೇರೆಯೇ ಜಾತಕವನ್ನು ಬರೆದರು: ಇದು ಸುಮಾರು 2,100 ವರ್ಷಗಳ ಹಿಂದೆ ಭಾರತದಲ್ಲಿಯೋ ಮ್ಯಾನ್ಮಾರಿನಲ್ಲಿಯೋ ಬಯಲ ಜಿರಲೆಯೊಂದರಿಂದ ಕವಲೊಡೆದು ಮನುಷ್ಯನ ಮನೆ ಸೇರಿದ್ದು! ವ್ಯಾಪಾರದ ಸರಕಿನೊಡನೆ ಪಶ್ಚಿಮಕ್ಕೆ ಸಾಗಿ, ಪರದೇಶದ ಹೆಸರು ಹೊತ್ತಿದೆ, ಅಷ್ಟೆ.

ಅದರ ಪ್ರಯಾಣವು ಇಂದಿಗೂ ಸರಕಿನೊಡನೆಯೇ. ಗದಗ ಜಿಲ್ಲೆಯ ಬಾಳೆಹೊಸೂರಿನಂಥ ಊರುಗಳ ಹಳೆಯ ಮಣ್ಣಿನ ಮನೆಗಳಲ್ಲಿ ಒಲೆಯ ಹೊಗೆ ಜಂತಿಗಳ ಸಂದುಗಳಿಗೆ ತಾಗುತ್ತಿತ್ತು. ಹಬ್ಬ ಬಂದರೆ ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ. ಜೊಂಡಿಗನ ರಾಜ್ಯ ಬಹುಮಟ್ಟಿಗೆ ಬಚ್ಚಲಿನವರೆಗೇ. ಈಗಿನ ಸಿಮೆಂಟಿನ ಮನೆಯಲ್ಲಿ ಶೀತಪೆಟ್ಟಿಗೆಯ ಯಂತ್ರದ ಬಿಸುಪು, ತೊಟ್ಟಿಕ್ಕುವ ನಲ್ಲಿ, ಮುಚ್ಚಿದ ಕಪಾಟುಗಳು ಚಿಕ್ಕ ಜಿರಲೆಗೆ ಹೇಳಿ ಮಾಡಿಸಿದಂಥ ವಸತಿ. ಊರಿನಿಂದ ಬಂದ ಜೋಳದ ಚೀಲವನ್ನು ಕಂಡು ಮೂಗು ಮುರಿಯುವ ಹುಬ್ಬಳ್ಳಿಯ ಸೊಸೆಯು, ತಾನು ಊರಿಗೆ ಕಳಿಸುವ ರಟ್ಟಿನ ಪೆಟ್ಟಿಗೆಯ ಮಡಿಕೆಗಳನ್ನು ಎಂದಾದರೂ ಬಿಡಿಸಿ ನೋಡಿರುವಳೇ?

ತಾಯಿ ಜಿರಲೆಯು 30–40 ತತ್ತಿಗಳಿರುವ ಚೀಲವನ್ನು, ಮರಿಯಾಗುವ ಹೊತ್ತಿನವರೆಗೆ, ಬೆನ್ನ ತುದಿಯಲ್ಲಿಯೇ ಹೊತ್ತು ತಿರುಗುತ್ತದೆ. ಸಿಂಪಡಿಸಿದ ವಿಷವು ಆ ಚೀಲದ ಒಳಗಿಳಿಯದು. ತಿಂಗಳ ತರುವಾಯ ಸಂತೆ ನೆರೆಯುವ ರಹಸ್ಯಗಳಲ್ಲಿ ಇದೊಂದು. ಇನ್ನೊಂದು ರಹಸ್ಯವು ಇದಕ್ಕಿಂತ ಸೋಜಿಗದ್ದು. ಅಮೆರಿಕದಲ್ಲಿ ಗ್ಲೂಕೋಸು ಬೆರೆಸಿದ ವಿಷದ ತಿನಿಸನ್ನಿಟ್ಟು ಜಿರಲೆಗಳನ್ನು ಕೊಲ್ಲುತ್ತಿದ್ದರು. ಕೆಲವು ಮನೆಗಳ ಜಿರಲೆಗಳು ಅದನ್ನು ಮುಟ್ಟದಾದವು. ಸಿಹಿಯನ್ನು ಒಲ್ಲದ ಆ ಗುಣವು ವಂಶಪಾರಂಪರ್ಯವಾಗಿ ಬರುತ್ತದೆಂದು 1993ರಲ್ಲಿ ಪ್ರಕಟವಾಯಿತು. ಅವುಗಳ ಕಹಿಯ ನರಗಳೇ ಗ್ಲೂಕೋಸಿಗೆ ಮಿಡಿಯುತ್ತವೆಂದು 2013ರಲ್ಲಿ ತಿಳಿದುಬಂದಿತು. ಸಕ್ಕರೆ ಮೆಚ್ಚಿದವು ಸತ್ತವು; ಅದು ಕಹಿಯೆನಿಸಿದವು ಸಂಸಾರ ಬೆಳೆಸಿದವು. ಸಿಂಪಡಿಸುವ ವಿಷಗಳ ಕತೆಯೂ ಹೀಗೆಯೇ: ಉಳಿದವುಗಳ ಮಕ್ಕಳು ಅದನ್ನು ಅರಗಿಸಿಕೊಳ್ಳುತ್ತಾರೆ. ಹೊಗೆಡಬ್ಬಿಯ ವಿಷವಂತೂ ಸಂದಿಗಿಳಿಯದೆ ಕಟ್ಟೆ, ಪಾತ್ರೆ, ನೆಲಗಳ ಮೇಲೆ ಕೂರುತ್ತದೆ. ಆ ನೆಲದ ಮೇಲೆ ಅಂಬೆಗಾಲಿಡುವುದು ಮನೆಯ ಮಗು.

ಹಾಗೆಂದು ಜಿರಲೆಯನ್ನು ಸಹಿಸಿಕೊಂಡಿರುವುದೂ ಸಲ್ಲದು. ಅದರ ಹಿಕ್ಕೆ ಮತ್ತು ಕಳಚಿದ ಪೊರೆ ಪುಡಿಯಾಗಿ ಧೂಳಿನೊಡನೆ ಉಸಿರಿಗೆ ಸೇರುತ್ತವೆ. ಅಮೆರಿಕದ ನಗರಗಳಲ್ಲಿ ಉಬ್ಬಸದ ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿರಲೆ ಒಗ್ಗದೆಯೂ ಅದರ ಧೂಳಿನ ನಡುವೆ ಮಲಗುವ ಮಕ್ಕಳು ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಆಸ್ಪತ್ರೆ ಸೇರಿದ್ದು ಕಂಡಿತು.

ಉಪಾಯವು ನೀರಿನಿಂದ ಆರಂಭವಾಗಬೇಕು. ಚಿಕ್ಕ ಜಾತಿಯ ಹೆಣ್ಣು ಬರೀ ನೀರಿದ್ದರೆ ತಿಂಗಳಿಗೂ ಮೀರಿ ಉಪವಾಸವಿರಬಲ್ಲದು. ನೀರೂ ಇಲ್ಲವೆಂದರೆ ಎರಡು ವಾರ ಬದುಕುವುದು ಕಷ್ಟ. ಮಲಗುವ ಮುನ್ನ ಮೋರಿಯನ್ನು ಒರಸಿ ಒಣಗಿಸುವುದು, ಸೋರುವ ನಲ್ಲಿಗೆ ವಾಶರು ಹಾಕಿಸುವುದು, ಕೊಳವೆ ಗೋಡೆಯನ್ನು ಹೊಗುವಲ್ಲಿ ಸಿಮೆಂಟು ಮೆತ್ತುವುದು: ಇವು ಡಬ್ಬಿಗಿಂತ ಅಗ್ಗ. ಬಳಿಕ ಔಷಧ. ಅಂಗಡಿಯಲ್ಲಿ ದೊರೆಯುವ ವಿಷದ ಅಂಟನ್ನು ಅಕ್ಕಿಕಾಳಿನಷ್ಟು ಕಪಾಟಿನ ಕೀಲು, ಸಂದುಗಳಲ್ಲಿ ಹಲವು ಕಡೆ ಇಡಬೇಕು. ಅದರ ಹತ್ತಿರ ಸಿಂಪಡಿಸುವ ಔಷಧ ಬೇಡ, ಜಿರಲೆ ತಿನಿಸಿನ ಬಳಿಗೇ ಬಾರದು. ಕೇರಂ ಹಲಗೆಗೆ ಉದುರಿಸುವ ಬೋರಿಕ್ ಪುಡಿಯೂ ಒಳ್ಳೆಯ ಅಸ್ತ್ರವೇ. ಆದರೆ ಗುಡ್ಡೆ ಹಾಕಿದರೆ ಅದು ಬಳಸಿಕೊಂಡು ಹೋಗುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಉದುರಿಸಿದರೆ ಕಾಲಿಗಂಟಿ, ಮೈ ನೆಕ್ಕಿಕೊಳ್ಳುವಾಗ ಹೊಟ್ಟೆ ಸೇರುತ್ತದೆ. ಮಕ್ಕಳ ಬಾಯಿಗೆ ಹೋದರೆ ಇದೂ ವಿಷವೇ. ಕೈಗೆ ಎಟುಕದ ಸಂದಿಗಷ್ಟೇ ಮೀಸಲು. ಹೊಲಕ್ಕೆಂದು ತಂದ ಔಷಧವನ್ನಂತೂ ಅಡುಗೆಮನೆಯ ಹೊಸ್ತಿಲು ದಾಟಿಸಬಾರದು.

ಅಂಗಡಿ, ಹೋಟೆಲುಗಳಲ್ಲಿ ಇದು ಮರ್ಯಾದೆಯ ಮಾತಷ್ಟೇ ಆಗಿ ಉಳಿದಿಲ್ಲ. ತಿನಿಸಿನ ವ್ಯಾಪಾರಿಗಳು ಕೀಟನಿಯಂತ್ರಣ ಮಾಡಲೇಬೇಕೆಂದು 2011ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಕಾನೂನಿಗಿಂತ ಮೊದಲೇ ಮಾದರಿಯೂ ಇತ್ತು. ಬೆಂಗಳೂರಿನ ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ ಬಂದು, ಪಾತ್ರೆಗಳನ್ನು ಕ್ರಿಮಿಶುದ್ಧಗೊಳಿಸುವ ಪದ್ಧತಿಯನ್ನು ತಂದರು; ಊಟಕ್ಕೆ ಬಂದವರು ಅಡುಗೆಮನೆಯನ್ನು ಕಣ್ಣಾರೆ ಕಂಡು ಒಳಗೆ ಹೋಗುವಂತಾಯಿತು. ಮುದ್ರಣಕಾಶಿಯೆಂದು ಹೆಸರಾದ ಗದಗಿನ ಕಸುಬಿಗೂ ಜಿರಲೆಯ ಕಾಟ ಹೊಸದಲ್ಲ. ರಟ್ಟು ಕಟ್ಟುವ ಮೈದಾ ಅಂಟೆಂದರೆ ಅದಕ್ಕೆ ಪ್ರೀತಿ. ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸುವ ವಿದ್ಯೆಯನ್ನು ರಟ್ಟು ಕಟ್ಟುವವರು ಬಲ್ಲರು.

ಮೂರು ನಾಲ್ಕು ವಾರ ಕಳೆದ ಮೇಲೆ, ತತ್ತಿಯೊಡೆದು ಬಂದ ಮರಿಗಳಿಗಾಗಿ ಮತ್ತೊಮ್ಮೆ ಔಷಧವಿಡಬೇಕು. ಫಲ ತಿಳಿಯಬೇಕಿದ್ದರೆ ನಡುರಾತ್ರಿ ಸದ್ದಿಲ್ಲದೆ ಹೋಗಿ, ಕಟ್ಟೆಯ ಮೇಲೆ ಥಟ್ಟನೆ ಟಾರ್ಚು ಬಿಟ್ಟು ಎಣಿಸಿದರಾಯಿತು.